ಮಾಲ್ಟಾದಲ್ಲಿ ಮಳೆಗೆ ‘ಶಿತಾ’ ಅನ್ನುತ್ತಾರೆ

ಪ್ರಶ್ನೆ: ನನ್ನ ಮಗಳು ನರ್ಸ್. ಮಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಳು. ಈಗ ಮಾಲ್ಟಾದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ, ನವೆಂಬರ್‌ನಲ್ಲಿ ಹೊರಡುತ್ತಾಳೆ. ನಾವು ಕುಂದಾಪುರದ ಕಡೆಯವರು. ಯುರೋಪು ಅಂದ ಕೂಡಲೇ ನನಗೆ ಹಿಮದ ಭಯ. ಕೆಲವರು ‘ಅಲ್ಲಿ ಚಳಿಯೇ ಇಲ್ಲ, ಬರೀ ಬಿಸಿಲು’ ಅಂತಾರೆ. ಇನ್ನು ಕೆಲವರು ಅಲ್ಲಿ ಮಾತಾಡೋದು ಅರಬ್ಬಿ ಅಂತಾರೆ. ಯಾವುದು ನಿಜ? ಜನ ಹೇಗೆ? ಮೀನಿಲ್ಲದೆ ಅವಳಿಗೆ ಊಟ ಇಳಿಯುವುದಿಲ್ಲ, ಅಲ್ಲಿ ಸಿಗುತ್ತದಾ? ಏನೇನು ಕಟ್ಟಿ ಕಳಿಸಲಿ? ಫೋನ್ ಯಾವ ಹೊತ್ತಿಗೆ ಮಾಡಬೇಕು?

ಉತ್ತರ: ಹಿಮದ ಭಯ ಬಿಡಿ. ಅಲ್ಲಿ ಹಿಮ ಬೀಳುವುದಿಲ್ಲ. ಆದರೆ ಚಳಿಯೇ ಇಲ್ಲ ಅಂದವರ ಮಾತನ್ನೂ ನಂಬಬೇಡಿ. ನಾನು ಭೂಗೋಳ ಓದಿದವನು, ಮಾಲ್ಟಾದಲ್ಲಿ ಆರು ವರ್ಷ ಇದ್ದವನು. ಈ ಪ್ರಶ್ನೆ ಯಾರೇ ಕೇಳಿದರೂ ನಾನು ಒಂದು ಪದದಿಂದ ಶುರು ಮಾಡುತ್ತೇನೆ. ಮಾಲ್ಟೀಸ್ ಭಾಷೆಯಲ್ಲಿ ಮಳೆಗೆ ‘ಶಿತಾ’ ಅನ್ನುತ್ತಾರೆ. ಚಳಿಗಾಲಕ್ಕೆ ‘ಶಿತ್ವಾ’. ನಮ್ಮ ಶೀತಕ್ಕೂ ಅದಕ್ಕೂ ನಂಟಿಲ್ಲ. ಚಳಿಗಾಲ ಅನ್ನುವ ಅರಬ್ಬಿ ಪದವೇ ಅಲ್ಲಿ ಮಳೆಯ ಹೆಸರಾಯಿತು. ಮಳೆ ಬರುವುದೇ ಚಳಿಗಾಲದಲ್ಲಿ ಆದ್ದರಿಂದ ಎರಡಕ್ಕೂ ಒಂದೇ ಬೇರು. ಹವೆ ಮತ್ತು ಭಾಷೆ, ನಿಮ್ಮ ಎರಡೂ ಪ್ರಶ್ನೆಗೆ ಅರ್ಧ ಉತ್ತರ ಈ ಪದದಲ್ಲೇ ಇದೆ.

ಮಾಲ್ಟಾ ಬಹಳ ಚಿಕ್ಕ ದೇಶ. ಒಟ್ಟು 316 ಚದರ ಕಿಲೋಮೀಟರ್. ಬೆಂಗಳೂರು ನಗರದ ಅರ್ಧದಷ್ಟೂ ಇಲ್ಲ. ಜನ ವಾಸ ಮಾಡುವ ದ್ವೀಪಗಳು ಮುಖ್ಯವಾಗಿ ಎರಡು: ಮಾಲ್ಟಾ ಮತ್ತು ಗೋಜೋ. ನಡುವೆ ಕೊಮಿನೋ ಅಂತ ಒಂದು ಪುಟ್ಟ ತುಣುಕು. ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಇಟಲಿಯ ಸಿಸಿಲಿ. ದಕ್ಷಿಣಕ್ಕೆ 300 ಕಿಲೋಮೀಟರ್ ದಾಟಿದರೆ ಲಿಬಿಯಾ, ಆಮೇಲೆ ಸಹಾರಾ ಮರುಭೂಮಿ. ದೇಶದ ಅತಿ ಎತ್ತರದ ಜಾಗ 253 ಮೀಟರ್. ಬೆಟ್ಟ ಇಲ್ಲ, ಕಾಡು ಇಲ್ಲ ಅನ್ನುವಷ್ಟು ಕಡಿಮೆ, ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ವಾರಾಹಿ, ಸೌಪರ್ಣಿಕಾ ನೋಡಿ ಬೆಳೆದ ಹುಡುಗಿಗೆ ಇದೇ ಮೊದಲು ಕಣ್ಣಿಗೆ ಬೀಳುತ್ತದೆ.

ನಿಮ್ಮ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡುವುದಿಲ್ಲ. ಅಲ್ಲಿ ಅದೇ ತಿಂಗಳುಗಳಲ್ಲಿ ಆಕಾಶ ಒಣಗಿ ನಿಂತಿರುತ್ತದೆ. ಜುಲೈನಲ್ಲಿ ಒಂದು ಹನಿ ಬಿದ್ದರೂ ಜನ ಅದರ ಬಗ್ಗೆ ಮಾತಾಡುತ್ತಾರೆ. ಬೇಸಿಗೆಯಲ್ಲಿ ವಾತಾವರಣದ ಭಾರಿ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಮಾಲ್ಟಾದ ಸುತ್ತಲಿನ ಮೆಡಿಟರೇನಿಯನ್ ಸಮುದ್ರದ ಮೇಲೆ ಕೂರುತ್ತದೆ. ಅದು ಗಾಳಿಯನ್ನು ಕೆಳಕ್ಕೆ ಒತ್ತುತ್ತದೆ. ಕೆಳಗಿಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಚಳಿಗಾಲ ಬಂದಾಗ ಆ ಪಟ್ಟಿ ದಕ್ಷಿಣಕ್ಕೆ ಇಳಿಯುತ್ತದೆ, ಆಗ ಪಶ್ಚಿಮದಿಂದ ಮಳೆ ಹೊತ್ತ ಗಾಳಿಗೆ ದಾರಿ ಬಿಡುತ್ತದೆ. ಬೇಸಿಗೆಯಿಡೀ ಕಾದ ಸಮುದ್ರ ಇನ್ನೂ ಬೆಚ್ಚಗಿರುತ್ತದೆ. ಹಾಗಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಬರುವ ಮಳೆ ಗುಡುಗು ಸಿಡಿಲಿನ ಮಳೆ. ರಸ್ತೆಯೆಲ್ಲ ಅರ್ಧ ಗಂಟೆಯಲ್ಲಿ ಹೊಳೆಯಾಗುತ್ತದೆ, ಇನ್ನರ್ಧ ಗಂಟೆಯಲ್ಲಿ ಬಿಸಿಲು. ವರ್ಷದ ಒಟ್ಟು ಮಳೆ ಸುಮಾರು 550 ಮಿಲಿಮೀಟರ್. ನಮ್ಮ ಬಳ್ಳಾರಿ, ಚಿತ್ರದುರ್ಗದ ಕಡೆಯ ಲೆಕ್ಕ ಅದು. ಕರಾವಳಿಯವರಿಗೆ ಅದು ಮಳೆಯೇ ಅಲ್ಲ ಬಿಡಿ.

ಈಗ ಚಳಿ. ಜನವರಿಯಲ್ಲಿ ಹಗಲು 15-16 ಡಿಗ್ರಿ, ರಾತ್ರಿ 9-10 ಡಿಗ್ರಿ. ಅಂಕಿ ನೋಡಿದರೆ ‘ಇಷ್ಟೇನಾ’ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಆದರೆ ಅಲ್ಲಿ ಚಳಿ ಬೀದಿಗಿಂತ ಮನೆಯೊಳಗೆ ಜಾಸ್ತಿ. ಗೋಡೆಗಳೆಲ್ಲ ಸುಣ್ಣಕಲ್ಲು. ಆ ಕಲ್ಲು ನೀರು ಹೀರುತ್ತದೆ. ಬಿಸಿ ಪೈಪುಗಳ ವ್ಯವಸ್ಥೆ ಇರುವ ಮನೆ ಅಪರೂಪ. ಸಮುದ್ರದ ತೇವ ಕೋಣೆಯೊಳಗೆ ಬಂದು ಕೂರುತ್ತದೆ. ಹಾಸಿಗೆ ಮುಟ್ಟಿದರೆ ಒದ್ದೆ ಅನಿಸುತ್ತದೆ. ಕಪಾಟಿನ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಜರ್ಮನಿಯಲ್ಲಿ, ಸ್ವೀಡನ್‌ನಲ್ಲಿ ಇದ್ದವರೂ ಮಾಲ್ಟಾಕ್ಕೆ ಬಂದು ‘ಇಷ್ಟು ಚಳಿ ನಮ್ಮಲ್ಲಿ ಮನೆಯೊಳಗೆ ಇರಲಿಲ್ಲ’ ಅಂದಿದ್ದನ್ನು ಕೇಳಿದ್ದೇನೆ. ಮಗಳು ನವೆಂಬರ್‌ನಲ್ಲಿ ಹೋಗುತ್ತಾಳೆ ಅಂದರೆ ಮೊದಲು ಎದುರಾಗುವುದು ಇದೇ. ಮನೆ ನೋಡುವಾಗ ಕಿಟಕಿ ಯಾವ ದಿಕ್ಕಿಗೆ ಇದೆ ಅಂತ ಕೇಳಲಿ. ದಕ್ಷಿಣಕ್ಕೆ ಕಿಟಕಿ ಇದ್ದರೆ ಮಧ್ಯಾಹ್ನದ ಬಿಸಿಲು ಒಳಗೆ ಬರುತ್ತದೆ. ನೆಲಮಾಳಿಗೆಯ ಕೋಣೆ ಬಾಡಿಗೆ ಕಡಿಮೆ ಅಂತ ತೆಗೆದುಕೊಳ್ಳುವುದು ಬೇಡ. ತೇವ ಎಳೆಯುವ ಯಂತ್ರ ಅಂಗಡಿಗಳಲ್ಲಿ ಸಿಗುತ್ತದೆ. ಜೊತೆಗಿರುವವರು ಸೇರಿ ಒಂದು ಕೊಂಡರೆ ಒಳ್ಳೆಯದು. ದಿನಕ್ಕೆ ಲೀಟರುಗಟ್ಟಲೆ ನೀರು ಅದರ ತೊಟ್ಟಿಗೆ ಬಂದು ಬೀಳುವುದನ್ನು ನೋಡಿದರೆ ಆ ಗೋಡೆಗಳ ಮೇಲೆ ನಂಬಿಕೆ ಹೋಗುತ್ತದೆ.

ಆದರೆ ಅದೇ ಚಳಿಗಾಲ ಆ ದ್ವೀಪದ ಹಸಿರುಗಾಲ ಕೂಡ. ಜನವರಿಯಿಂದ ಏಪ್ರಿಲ್‌ವರೆಗೆ ಗದ್ದೆಗಳ ಬದುವಿನ ತುಂಬ ಹಳದಿ ಹೂವು. ಬೇಸಿಗೆಯಲ್ಲಿ ಎಲ್ಲ ಒಣಗಿ ಕಂದು ಬಣ್ಣ. ಪ್ರವಾಸಿಗರು ಆಗಸ್ಟ್‌ನಲ್ಲಿ ಬಂದು ‘ಒಂದು ಹುಲ್ಲೂ ಇಲ್ಲದ ಬಂಡೆ’ ಅಂದುಕೊಂಡು ಹೋಗುತ್ತಾರೆ. ನಿಜವಾದ ಮಾಲ್ಟಾ ನೋಡಬೇಕಾದರೆ ಮಾರ್ಚ್‌ನಲ್ಲಿ ನೋಡಬೇಕು. ನಿಮಗೆ ಒಮ್ಮೆ ಹೋಗುವ ಯೋಗ ಬಂದರೆ ಆ ತಿಂಗಳನ್ನೇ ಆರಿಸಿಕೊಳ್ಳಿ.

ಬೇಸಿಗೆಯ ಸೆಕೆ ಕರಾವಳಿಯ ಮಗಳಿಗೆ ಹೊಸದಲ್ಲ. ಆಗಸ್ಟ್‌ನಲ್ಲಿ 31-32 ಡಿಗ್ರಿ, ಕೆಲವು ದಿನ 40ರ ಹತ್ತಿರ ಹೋಗುವುದೂ ಉಂಟು. ಅಲ್ಲಿನವರು ಗಾಳಿಯನ್ನು ಹೆಸರು ಹಿಡಿದು ಕರೆಯುತ್ತಾರೆ, ನಮ್ಮ ಮೀನುಗಾರರ ಹಾಗೆಯೇ. ವಾಯುವ್ಯದ ಗಾಳಿ ‘ಮಜ್ಜಿಸ್ತ್ರಾಲ್’, ಬೇಸಿಗೆಯಲ್ಲಿ ಅದು ಬಂದರೆ ಜೀವ ತಂಪು. ಆಗ್ನೇಯದಿಂದ ಬರುವುದು ‘ಶ್ಲೊಕ್’. ಸಹಾರಾದಿಂದ ಒಣಗಿ ಹೊರಟ ಗಾಳಿ ಅದು, ಸಮುದ್ರ ದಾಟುವಾಗ ತೇವ ತುಂಬಿಕೊಂಡು ಬರುತ್ತದೆ. ಆ ದಿನಗಳಲ್ಲಿ ಮೈ ಅಂಟಂಟು, ತಲೆ ಭಾರ, ಎಲ್ಲರಿಗೂ ಸಿಡಿಮಿಡಿ. ಅದರ ಜೊತೆ ಮಳೆ ಬಂದರೆ ಕಾರುಗಳ ಮೇಲೆಲ್ಲ ಕೆಂಪು ಮಣ್ಣಿನ ಚುಕ್ಕಿ. ಈಶಾನ್ಯದ ‘ಗ್ರಿಗಾಲ್’ ಚಳಿಗಾಲದ್ದು, ಬಂದರಿನೊಳಕ್ಕೇ ಅಲೆ ನುಗ್ಗಿಸುತ್ತದೆ. ಕ್ರಿ.ಶ. 60ರಲ್ಲಿ, ಯೇಸುವಿನ ಸಂದೇಶ ಸಾರಿದ ಸಂತ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ ಈ ದ್ವೀಪದಲ್ಲಿ ಒಡೆಯಿತು ಅನ್ನುವುದು ಅಲ್ಲಿನವರ ನಂಬಿಕೆ. ಫೆಬ್ರವರಿ 10 ಅದರ ಹಬ್ಬ, ಸರ್ಕಾರಿ ರಜೆ. ಗಾಳಿ ತಂದು ಹಾಕಿದ ಅತಿಥಿಯಿಂದ ನಮ್ಮ ಧರ್ಮ ಬಂತು ಅಂತ ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ನೀರಿನ ವಿಷಯ ಸ್ವಲ್ಪ ಉದ್ದ ಹೇಳುತ್ತೇನೆ. ಆ ಜನರ ಸ್ವಭಾವ ನನಗೆ ಅರ್ಥವಾದದ್ದೇ ಅದರಿಂದ.

ನಾನು ಮೊದಲು ಇದ್ದದ್ದು ಹಳ್ಳಿಯ ಒಂದು ಹಳೇ ಮನೆಯ ಮೇಲಿನ ಕೋಣೆಯಲ್ಲಿ. ಕೆಳಗೆ ಮನೆಯ ಒಡತಿ, ಎಂಬತ್ತು ದಾಟಿದ ಅಜ್ಜಿ. ಸೆಪ್ಟೆಂಬರ್ ಕೊನೆಯ ಒಂದು ಸಂಜೆ ಗುಡುಗಿತು. ಅಜ್ಜಿ ಕೋಲೂರಿಕೊಂಡು ಅಂಗಳಕ್ಕೆ ಬಂದು ನನ್ನನ್ನು ಕೂಗಿದರು. ಚಾವಣಿಯಿಂದ ನೆಲದಡಿಯ ಬಾವಿಗೆ ಇಳಿಯುವ ಕೊಳವೆಯ ಬಾಯಿಗೆ ಹಳೇ ಬಟ್ಟೆ ತುರುಕಿಸಿದರು. ಮೊದಲ ಮಳೆ ಬೀದಿಗೆ ಹೋಗಲಿ ಅಂದರು. ಬೇಸಿಗೆಯ ಧೂಳು, ಪಾರಿವಾಳದ ಹಿಕ್ಕೆ ಎಲ್ಲ ತೊಳೆದುಹೋಗಬೇಕಲ್ಲ. ಕಾಲು ಗಂಟೆ ಬಿಟ್ಟು ಬಟ್ಟೆ ತೆಗೆಸಿದರು. ಆಮೇಲೆ ಅಂಗಳದ ಮೂಲೆಯಲ್ಲಿದ್ದ ಕಲ್ಲಿನ ಮುಚ್ಚಳ ಸರಿಸಿ ಕಿವಿ ಕೊಟ್ಟು ನಿಂತರು. ಕೆಳಗೆ ಕತ್ತಲಲ್ಲಿ ನೀರು ಬೀಳುವ ಸದ್ದು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಮನೆಗೆ ನಲ್ಲಿ ಬಂದು ಎಷ್ಟೋ ದಶಕ ಆಗಿತ್ತು. ಆ ನೀರು ಅವರಿಗೆ ಗಿಡಕ್ಕೆ, ಅಂಗಳ ತೊಳೆಯಲು ಬಿಟ್ಟರೆ ಬೇಡವೇ ಬೇಡ. ಆದರೂ ಮೊದಲ ಮಳೆಯ ದಿನ ಅವರು ಒಳಗೆ ಕೂರುತ್ತಿರಲಿಲ್ಲ.

ಆ ಬಾವಿಗೆ ಅಲ್ಲಿ ‘ಬೀರ್’ ಅನ್ನುತ್ತಾರೆ. ನಮ್ಮ ಬಾವಿಯ ಹಾಗೆ ಅದಕ್ಕೆ ಒರತೆ ಇಲ್ಲ. ಬಂಡೆಯಲ್ಲಿ ಗಂಟೆಯ ಆಕಾರಕ್ಕೆ ಕೊರೆದ ತೊಟ್ಟಿ ಅದು: ಬಾಯಿ ಕಿರಿದು, ಹೊಟ್ಟೆ ಅಗಲ. 1566ರಲ್ಲಿ ಈಗಿನ ರಾಜಧಾನಿ ವಲೆಟ್ಟಾ ನಗರ ಕಟ್ಟಲು ಶುರು ಮಾಡಿದಾಗ ಪ್ರತಿ ಮನೆಯೂ ಇಂಥ ತೊಟ್ಟಿ ಕೊರೆಯಲೇಬೇಕು ಅಂತ ನಿಯಮ ಮಾಡಿದ್ದರು. ಕೊರೆದಾಗ ಸಿಕ್ಕ ಕಲ್ಲೇ ಮನೆಯ ಗೋಡೆಗೂ ಆಯಿತು. ಮೃದುವಾದ, ಜೇನಿನ ಬಣ್ಣದ ಸುಣ್ಣಕಲ್ಲು, ‘ಫ್ರಾಂಕಾ’ ಅಂತ ಅದರ ಹೆಸರು. ಸಂಜೆ ಬಿಸಿಲಿಗೆ ಇಡೀ ಊರು ಆ ಬಣ್ಣಕ್ಕೆ ತಿರುಗುತ್ತದೆ. ಇವತ್ತು ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದ್ರದ್ದು, ಉಪ್ಪು ತೆಗೆದದ್ದು. ಉಳಿದದ್ದು ಅಂತರ್ಜಲ. ದ್ವೀಪದ ಕಲ್ಲಿನೊಳಗೆ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ನಿಮ್ಮ ಕಡೆ ಹೊಳೆಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವಲ್ಲ, ಅದೇ ಕಥೆ. ನಲ್ಲಿ ನೀರು ಕುಡಿಯಲು ಸುರಕ್ಷಿತ. ಆದರೆ ರುಚಿ ಸ್ವಲ್ಪ ಉಪ್ಪುಪ್ಪು, ಹೆಚ್ಚಿನವರು ಬಾಟಲಿ ನೀರು ತರುತ್ತಾರೆ. ಚಹಾದ ರುಚಿ ಬೇರೆ ಅನಿಸಿದರೆ ಮಗಳು ಹಾಲನ್ನು ಬೈಯುವುದು ಬೇಡ, ನೀರು ಬದಲಿಸಿ ನೋಡಲಿ.

ಭಾಷೆಗೆ ಬರುತ್ತೇನೆ. ಮಾಲ್ಟೀಸ್ ಹುಟ್ಟಿದ್ದು ಅರಬ್ಬಿಯಿಂದ. ಕ್ರಿ.ಶ. 870ರಲ್ಲಿ ಅರಬ್ಬರು ದ್ವೀಪ ಗೆದ್ದರು, 1091ರಲ್ಲಿ ನಾರ್ಮನ್ನರು ಬಂದರು. ಆಳುವವರು ಬದಲಾದರು, ಧರ್ಮ ಬದಲಾಯಿತು, ಮಾತು ಉಳಿಯಿತು. ಆಮೇಲೆ ಸಿಸಿಲಿ ಮತ್ತು ಇಟಲಿಯ ಪದಗಳು ರಾಶಿಗಟ್ಟಲೆ ಸೇರಿದವು. ಬರೆಯುವುದು ರೋಮನ್ ಲಿಪಿಯಲ್ಲಿ. ಕ್ಯಾಥೊಲಿಕ್ ಚರ್ಚಿನಲ್ಲಿ ನಿಂತು ದೇವರಿಗೆ ‘ಅಲ್ಲಾ’ ಅನ್ನುತ್ತಾರೆ. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ಉಪವಾಸಕ್ಕೆ ‘ರಂದಾನ್’ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನಾನು ದಂಗಾಗಿದ್ದೆ. ಅವರಿಗೆ ಅದರಲ್ಲಿ ಏನೂ ವಿಶೇಷವಿಲ್ಲ, ಅದು ಅವರ ಅಜ್ಜಿಯ ಮಾತು ಅಷ್ಟೆ. ನಾವು ದುನಿಯಾ ಅನ್ನುವುದನ್ನು ಅವರು ‘ದಿನ್ಯಾ’ ಅನ್ನುತ್ತಾರೆ. ಒಂದೇ ಅರಬ್ಬಿ ಪದ ಎರಡು ದಿಕ್ಕಿಗೆ ಪ್ರಯಾಣ ಮಾಡಿದೆ.

ಇಂಗ್ಲಿಷ್ ಕೂಡ ಅಲ್ಲಿ ಅಧಿಕೃತ ಭಾಷೆ. ಬ್ರಿಟಿಷರು 1800ರಿಂದ 1964ರವರೆಗೆ ಆಳಿದ್ದರಿಂದ ಆಸ್ಪತ್ರೆಯ ಕಾಗದಪತ್ರ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ಆದರೆ ವಯಸ್ಸಾದ ರೋಗಿಗೆ ನೋವು ಜಾಸ್ತಿಯಾದಾಗ ಇಂಗ್ಲಿಷ್ ಮರೆತುಹೋಗುತ್ತದೆ. ಯಾರಿಗಾದರೂ ಹಾಗೇ ಅಲ್ವಾ? ಹೊರಡುವ ಮುಂಚೆ ಮಗಳು ನಾಲ್ಕು ಮಾತು ಕಲಿತರೆ ಸಾಕು. ‘ಕಿಫ್ ಇಂತ್?’ ಅಂದರೆ ಹೇಗಿದ್ದೀರಿ. ‘ಉಜೀಹ್’ ಅಂದರೆ ನೋವು. ‘ಇಲ್ಮಾ’ ನೀರು. ‘ತಬೀಬ್’ ವೈದ್ಯ. ‘ಗ್ರಾತ್ಸಿ’ ಧನ್ಯವಾದ. ಹೊರಡುವಾಗ ಹೇಳುವುದು ‘ಸಹ್ಹಾ’. ಆ ಪದದ ಅರ್ಥ ಆರೋಗ್ಯ. ಇಡೀ ದಿನ ಕಿವಿಗೆ ಬೀಳುವ ಇನ್ನೊಂದು ಮಾತು ‘ಮೇಲಾ’. ನಾವು ‘ಹಾಗಾದ್ರೆ’, ‘ಸರಿ’, ‘ಮತ್ತೇನು’ ಅನ್ನುವ ಕಡೆಯೆಲ್ಲ ಅವರಿಗೆ ಅದೊಂದೇ ಸಾಕು. ಮಗಳ ಬಾಯಲ್ಲಿ ಸುಮ್ನೆ ‘ಮೇಲಾ’ ಬಂದ ದಿನ ವಾರ್ಡಿನಲ್ಲಿ ಎಲ್ಲರೂ ನಗುತ್ತಾರೆ, ಆಮೇಲೆ ಮನೆಯವಳ ಹಾಗೆ ನೋಡುತ್ತಾರೆ.

ರೋಗಿಗಳ ಸೇವೆಗೆ ಆ ದ್ವೀಪದಲ್ಲಿ ಹಳೇ ಗೌರವ ಇದೆ. 1530ರಿಂದ 1798ರವರೆಗೆ ಆಳಿದ ಸಂತ ಜಾನ್‌ನ ವೀರರ ಸಂಘ ಹುಟ್ಟಿದ್ದೇ ಜೆರುಸಲೇಮಿನ ಯಾತ್ರಿಕರ ಆಸ್ಪತ್ರೆಯಿಂದ. ವಲೆಟ್ಟಾದಲ್ಲಿ ಅವರು ಕಟ್ಟಿಸಿದ ಆಸ್ಪತ್ರೆಯ ದೊಡ್ಡ ವಾರ್ಡು ಸುಮಾರು 155 ಮೀಟರ್ ಉದ್ದ. ರೋಗಿಗಳಿಗೆ ಬೆಳ್ಳಿ ತಟ್ಟೆಯಲ್ಲಿ ಊಟ ಕೊಡುತ್ತಿದ್ದರು. ಕಟ್ಟಡ ಈಗಲೂ ನಿಂತಿದೆ. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿ ಕದನದ ಗಾಯಾಳುಗಳನ್ನು ಹಡಗುಗಟ್ಟಲೆ ತಂದು ಇಳಿಸಿದಾಗ ಮಾಲ್ಟಾಕ್ಕೆ ‘ಮೆಡಿಟರೇನಿಯನ್‌ನ ದಾದಿ’ ಅನ್ನುವ ಹೆಸರು ಬಂತು. ನಿಮ್ಮ ಮಗಳು ಹೋಗುತ್ತಿರುವುದು ಅಂಥ ಊರಿಗೆ.

ಜನ ಹೇಗೆ ಅಂತ ಕೇಳಿದ್ದೀರಿ. ಜೋರು ದನಿಯವರು. ಬಸ್‌ಸ್ಟಾಪಿನಲ್ಲಿ ಇಬ್ಬರು ಮಾತಾಡುತ್ತಿದ್ದರೆ ಜಗಳ ಅಂದುಕೊಳ್ಳುತ್ತೀರಿ, ಅವರು ಟೊಮೆಟೊ ಬೆಲೆ ಹೇಳುತ್ತಿರುತ್ತಾರೆ. ಮನೆತನ, ಊರು, ಚರ್ಚು, ಪಕ್ಷ ಎಲ್ಲದರಲ್ಲೂ ಬಣಗಳು. ಅಡ್ಡಹೆಸರು ಕೆಲವೇ ಕೆಲವು: ಬೋರ್ಗ್, ಕಮಿಲ್ಲೆರಿ, ವೆಲ್ಲಾ, ಫರ‍್ರೂಜಾ. ಒಂದೇ ಹೆಸರಿನವರು ಊರ ತುಂಬ ಇರುವುದರಿಂದ ಪ್ರತಿ ಮನೆತನಕ್ಕೂ ಊರವರು ಇಟ್ಟ ಇನ್ನೊಂದು ಹೆಸರು ಇರುತ್ತದೆ. ಕರಾವಳಿಯಲ್ಲಿ ಮನೆಯ ಹೆಸರು ಹಿಡಿದು ಗುರುತಿಸುವ ರೂಢಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಬ್ಬ ಅಂದರೆ ‘ಫೆಸ್ತಾ’. ಪ್ರತಿ ಊರಿಗೂ ಒಬ್ಬ ಸಂತ, ಆ ಸಂತನಿಗೆ ಒಂದು ವಾರದ ಜಾತ್ರೆ, ಹೆಚ್ಚಿನವು ಬೇಸಿಗೆಯಲ್ಲಿ. ಬೆಳಿಗ್ಗೆ ಎಂಟಕ್ಕೇ ಕದಿನ ಅನ್ನುವ ಸಿಡಿಮದ್ದಿನ ಸದ್ದು ಕಿವಿ ಒಡೆಯುತ್ತದೆ. ರಾತ್ರಿಪಾಳಿ ಮುಗಿಸಿ ಮಲಗಿದವರಿಗೆ ಕಷ್ಟವೇ, ಮೊದಲೇ ಹೇಳಿಬಿಡುತ್ತೇನೆ. ಬೀದಿಗೆಲ್ಲ ಕೆಂಪು, ನೀಲಿ ರೇಷ್ಮೆಯ ಪರದೆ. ಸಂತನ ಮೂರ್ತಿಯನ್ನು ಗಂಡಸರು ಹೆಗಲ ಮೇಲೆ ಹೊತ್ತು ತರುತ್ತಾರೆ, ಮುಂದೆ ಬ್ಯಾಂಡು. ಹಲವು ಊರುಗಳಲ್ಲಿ ಎರಡು ಬ್ಯಾಂಡ್ ಸಂಘ, ಇಬ್ಬರಿಗೂ ಪೈಪೋಟಿ. ಹೆಗಲು ಕೊಟ್ಟವರ ಮುಖ ನೋಡಿದರೆ ನಿಮ್ಮೂರಿನ ರಥೋತ್ಸವ ನೆನಪಾಗುತ್ತದೆ. ಈ ಫೆಸ್ತಾ 2023ರಲ್ಲಿ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು.

ಆಗಸ್ಟ್ 15ರ ಸಾಂತಾ ಮರೀಯಾ ಹಬ್ಬಕ್ಕೆ ಇನ್ನೊಂದು ನೆನಪಿದೆ. 1942ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ದ್ವೀಪದ ಮೇಲೆ ಬಾಂಬುಗಳ ಮಳೆ. ಅನ್ನ, ಎಣ್ಣೆ ಮುಗಿಯುತ್ತಾ ಬಂದಿತ್ತು. 14 ಸರಕು ಹಡಗುಗಳು ಹೊರಟವು, 5 ಮಾತ್ರ ತಲುಪಿದವು. ಕೊನೆಯದು ‘ಒಹಾಯೊ’ ಅನ್ನುವ ಎಣ್ಣೆ ಹಡಗು. ಮುಳುಗುವ ಸ್ಥಿತಿಯಲ್ಲಿದ್ದ ಅದನ್ನು ಎರಡು ಯುದ್ಧನೌಕೆಗಳ ನಡುವೆ ಕಟ್ಟಿಕೊಂಡು ಆಗಸ್ಟ್ 15ರಂದೇ ಬಂದರಿಗೆ ತಂದರು. ನಮ್ಮ ಮನೆಯೊಡತಿ ಅಜ್ಜಿ ಆಗ ಚಿಕ್ಕ ಹುಡುಗಿ. ಕೋಟೆಗೋಡೆಯ ಮೇಲೆ ನಿಂತ ಜನ ಕೂಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದರು ಅಂತ ಹೇಳುತ್ತಿದ್ದರು. ಅವರ ಮನೆಯಲ್ಲಿ ಬ್ರೆಡ್ಡಿನ ಚೂರು ಎಸೆದದ್ದನ್ನು ನಾನು ನೋಡಿಲ್ಲ.

ಕಷ್ಟದ ಮಾತೂ ಹೇಳಬೇಕು. 2021ರ ಜನಗಣತಿಯಲ್ಲಿ ಒಟ್ಟು ಜನ 5.19 ಲಕ್ಷ. ಅದರಲ್ಲಿ ಐವರಲ್ಲಿ ಒಬ್ಬರಿಗಿಂತ ಜಾಸ್ತಿ ಹೊರದೇಶದವರು. ಕೆಲವೇ ವರ್ಷಗಳಲ್ಲಿ ಆದ ಬದಲಾವಣೆ ಅದು. ಜಾಗ ಸಾಲದು, ಬಾಡಿಗೆ ಏರಿದೆ, ರಸ್ತೆ ತುಂಬಿದೆ. ಅದರ ಸಿಟ್ಟು ಕೆಲವೊಮ್ಮೆ ಹೊರಗಿನವರ ಮೇಲೆ ತಿರುಗುತ್ತದೆ. ಬಸ್ಸಿನಲ್ಲಿ ಒಂದು ಬಿರುನುಡಿ ಕೇಳಬೇಕಾಗಬಹುದು. ಆದರೆ ಅದೇ ಬಸ್ಸಿನಲ್ಲಿ ಇನ್ನೊಬ್ಬ ಅಜ್ಜಿ ಪಕ್ಕದ ಸೀಟು ತಟ್ಟಿ ಕೂರಿಸಿಕೊಳ್ಳುತ್ತಾರೆ. ನನಗೆ ಎರಡೂ ಆಗಿದೆ. ಬಾಡಿಗೆ ಕರಾರು ಬರವಣಿಗೆಯಲ್ಲಿ ಇರಲಿ, ಮನೆಗೆ ಕಾಲಿಟ್ಟ ದಿನವೇ ಗೋಡೆ, ಸಾಮಾನು ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಲಿ. ನನ್ನ ಎರಡನೇ ಮನೆಯ ಮಾಲೀಕರು ಮೊದಲೇ ಇದ್ದ ಬೂಷ್ಟಿನ ಕಲೆ ತೋರಿಸಿ ಮುಂಗಡ ಹಣ ಹಿಡಿದುಕೊಂಡರು. ಫೋಟೊ ಇರಲಿಲ್ಲ, ಹಣ ಹೋಯಿತು.

ಮೀನು ಧಾರಾಳ ಸಿಗುತ್ತದೆ. ಆಗಸ್ಟ್ ಮಧ್ಯದಿಂದ ಡಿಸೆಂಬರ್‌ವರೆಗೆ ‘ಲಂಪೂಕಿ’ ಕಾಲ. ನಮ್ಮ ಅರಬ್ಬಿ ಸಮುದ್ರದಲ್ಲೂ ಇರುವ ಮೀನು ಅದು, ಹಸಿರು-ಬಂಗಾರದ ಮೈ, ಚಪ್ಪಟೆ ತಲೆ. ಹಿಡಿಯುವ ರೀತಿ ಚೆನ್ನಾಗಿದೆ. ಈಚಲು ಜಾತಿಯ ಮರದ ಗರಿಗಳನ್ನು ತೆಪ್ಪಕ್ಕೆ ಕಟ್ಟಿ ಸಮುದ್ರದಲ್ಲಿ ತೇಲಿಬಿಡುತ್ತಾರೆ. ಮೀನು ನೆರಳಿಗೆ ಬಂದು ಸೇರುತ್ತದೆ, ಆಗ ಬಲೆ ಸುತ್ತುತ್ತಾರೆ. ಮಾರ್ಸಶ್ಲೊಕ್ ಅನ್ನುವ ಮೀನುಗಾರರ ಊರಲ್ಲಿ ಭಾನುವಾರ ಸಂತೆ. ಅಲ್ಲಿನ ದೋಣಿಗಳ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ. ಮೀನು ತಂದು ಮನೆಯ ಮಸಾಲೆ ಅರೆದು ಹಾಕಿದರೆ ಸಾರಿಗೆ ಏನೂ ಕೊರತೆ ಇರುವುದಿಲ್ಲ. ಅಕ್ಕಿ, ಬೇಳೆ, ತೆಂಗಿನಕಾಯಿ ಮಾರುವ ಭಾರತೀಯ ಅಂಗಡಿಗಳು ಈಗ ಬೇಕಾದಷ್ಟಿವೆ.

ಬೆಳಗಿನ ತಿಂಡಿಗೆ ‘ಪಸ್ತೀತ್ಸಿ’. ಪದರ ಪದರದ ಗರಿಗರಿ ಹಿಟ್ಟು, ಒಳಗೆ ಮೃದುವಾದ ಚೀಸ್ ಅಥವಾ ಬಟಾಣಿ. ಒಲೆಯಿಂದ ತೆಗೆದ ಕೂಡಲೇ ಕಚ್ಚಿದರೆ ನಾಲಿಗೆ ಸುಡುತ್ತದೆ, ಅರ್ಧ ಪದರ ಅಂಗಿಯ ಮೇಲೆ ಉದುರುತ್ತದೆ. ಆದರೆ ಅಲ್ಲಿನ ನಿಜವಾದ ಊಟ ಬ್ರೆಡ್ಡು. ಹೊರಗೆ ಗಟ್ಟಿ, ಒಳಗೆ ತೂತು ತೂತು. ಹಣ್ಣಾದ ಟೊಮೆಟೊ ಅರ್ಧ ಕತ್ತರಿಸಿ ಬ್ರೆಡ್ ಕೆಂಪಾಗುವವರೆಗೆ ಉಜ್ಜಿ, ಆಲಿವ್ ಎಣ್ಣೆ ಸುರಿದು, ಮೇಲೆ ಟ್ಯೂನಾ ಮೀನು, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು. ಪಾಳಿ ಮುಗಿಸಿ ಬಂದು ಒಲೆ ಹಚ್ಚಲು ಮನಸ್ಸಿಲ್ಲದ ದಿನ ಅದಕ್ಕಿಂತ ಒಳ್ಳೆಯದು ಇಲ್ಲ. ಮೊಲದ ಮಾಂಸ ಅಲ್ಲಿ ಹಬ್ಬದೂಟ. ಇಷ್ಟವಿಲ್ಲದಿದ್ದರೆ ಹೆಸರು ಗೊತ್ತಿರಲಿ, ‘ಫೆನೆಕ್’.

ಕಟ್ಟಿ ಕಳಿಸುವುದು: ಉಣ್ಣೆಯ ಕಾಲುಚೀಲ, ಮನೆಯೊಳಗೆ ಹಾಕಿಕೊಳ್ಳಲು ದಪ್ಪ ಸ್ವೆಟರ್, ಗಾಳಿ ತಡೆಯುವ ಟೋಪಿಯ ರೇನ್‌ಕೋಟ್. ಕೊಡೆ ಬೇಡ, ಗ್ರಿಗಾಲ್ ಅದನ್ನು ಒಂದೇ ದಿನದಲ್ಲಿ ಮುರಿಯುತ್ತದೆ. ಹಿಮದ ಬೂಟು, ಭಾರದ ಕೋಟು ಕೊಳ್ಳಬೇಡಿ, ಆ ತೂಕಕ್ಕೆ ಮಸಾಲೆಪುಡಿ ಹಾಕಿ. ಅಲ್ಲಿನ ಪ್ಲಗ್ ಇಂಗ್ಲೆಂಡಿನದು, ಚಪ್ಪಟೆ ಮೂರು ಕಡ್ಡಿಯದು, ಹಾಗಾಗಿ ಎರಡು ಅಡಾಪ್ಟರ್ ಇರಲಿ. ವಾಹನ ಓಡುವುದು ನಮ್ಮ ಹಾಗೆ ಎಡಗಡೆ, ರಸ್ತೆ ದಾಟಲು ಹೊಸದಾಗಿ ಕಲಿಯಬೇಕಿಲ್ಲ.

ಫೋನ್ ವಿಷಯ. ಅಕ್ಟೋಬರ್ ಕೊನೆಯ ಭಾನುವಾರದಿಂದ ಮಾರ್ಚ್ ಕೊನೆಯ ಭಾನುವಾರದವರೆಗೆ ಅವಳು ನಿಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳು ಮೂರೂವರೆ ಗಂಟೆ. ಅವಳು ಹೋಗುವ ಕಾಲಕ್ಕೆ ನಿಮ್ಮಲ್ಲಿ ರಾತ್ರಿ ಒಂಬತ್ತೂವರೆ ಅಂದರೆ ಅಲ್ಲಿ ಸಂಜೆ ಐದು. ಡಿಸೆಂಬರ್‌ನಲ್ಲಿ ಅಲ್ಲಿ ಐದಕ್ಕೇ ಕತ್ತಲಾಗುತ್ತದೆ, ಗೋಡೆಯ ತಣುಪು ಆಗಲೇ ಮೈಗೆ ಹತ್ತುತ್ತದೆ. ಮೊದಲ ಚಳಿಗಾಲ ಆ ಹೊತ್ತಿಗೇ ಮಾಡಿ.